ಎರಡು ಭಾಗವಾಗಲು ಒಪ್ಪದ ಲೇಖಕ



ಒಬ್ಬ ಲೇಖಕನನ್ನು ಪೂರ್ತಿಯಾಗಿ ಓದುವುದು ಸುಲಭದ ಕೆಲಸವಲ್ಲ. ನಮಗೆ ಬೇಕಾದಷ್ಟನ್ನು ಓದಿ, ಬೇಡವೆನಿಸಿದ್ದನ್ನು ಕಪಾಟಿನಲ್ಲಿಯೇ ಬಿಟ್ಟು, ಅವನನ್ನು ಬಲ್ಲೆವೆಂದು ಹೇಳಿಕೊಳ್ಳುವುದು ನಮ್ಮಲ್ಲಿ ಅನೇಕರ ರೂಢಿ. ಮೂವತ್ತೈದು ವರ್ಷ ಕಾಲೇಜಿನಲ್ಲಿ ಕನ್ನಡ ಸಾಹಿತ್ಯವನ್ನು ಬೋಧಿಸಿದ ನಾನೂ ಈ ರೂಢಿಗೆ ಹೊರತಾಗಿರಲಿಲ್ಲ. ಇಂದು ನಾನು ಮಾತನಾಡಲು ಆರಿಸಿಕೊಂಡಿರುವ ಜೇಮ್ಸ್ ಬಾಲ್ಡ್‌ವಿನ್ ನಾನು ಹಾಗೆ ಅರ್ಧವನ್ನಷ್ಟೇ ಒಪ್ಪಿಕೊಂಡು, ಅರ್ಧವನ್ನಷ್ಟೇ ಪಾಠ ಹೇಳಿದ ಲೇಖಕ. ಆದುದರಿಂದ ಈ ಭಾಷಣದಲ್ಲಿ ಒಂದು ಪಾಲು ಪರಿಚಯ, ಇನ್ನೊಂದು ಪಾಲು ತಪ್ಪೊಪ್ಪಿಗೆ.

ಎಂಬತ್ತರ ದಶಕದ ಆರಂಭದಲ್ಲಿ ಎಂ.ಎ. ಮುಗಿಸಿದ ನನ್ನಂಥವರಿಗೆ ಅಮೆರಿಕದ ಕಪ್ಪು ಜನರ ಸಾಹಿತ್ಯ ದೂರದ್ದಾಗಿರಲಿಲ್ಲ. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಸಂಘಟನೆ ತನ್ನ ಹೆಸರನ್ನೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಪಡೆದಿತ್ತು. ನಮ್ಮಲ್ಲಿ 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಆರಂಭವಾಗಿತ್ತು. ದೇವನೂರ ಮಹಾದೇವ, ಸಿದ್ಧಲಿಂಗಯ್ಯನವರನ್ನು ಓದುತ್ತಿದ್ದ ನಾವು ಅದೇ ಹುಮ್ಮಸ್ಸಿನಲ್ಲಿ ರಿಚರ್ಡ್ ರೈಟ್‌ನನ್ನೂ ಬಾಲ್ಡ್‌ವಿನ್‌ನನ್ನೂ ಗ್ರಂಥಾಲಯದಿಂದ ತಂದು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದೆವು. ಬಾಲ್ಡ್‌ವಿನ್‌ನ ಪ್ರಬಂಧಗಳು ನನ್ನನ್ನು ಹಿಡಿದು ಅಲುಗಾಡಿಸಿದವು. ಅವನು ಸಲಿಂಗಪ್ರೇಮಿ ಎಂಬುದೂ ಆಗಲೇ ತಿಳಿದಿತ್ತು. ಅದನ್ನು ಮಹಾಪುರುಷನೊಬ್ಬನ ಮೈಮೇಲಿನ ಮಚ್ಚೆಯಂತೆ ಕಂಡು, ಅದರ ಮಾತೆತ್ತದಿರುವುದೇ ಸೌಜನ್ಯವೆಂದು ಭಾವಿಸಿದ್ದೆ.

ಬಾಲ್ಡ್‌ವಿನ್ ಹುಟ್ಟಿದ್ದು 1924ರ ಆಗಸ್ಟ್ 2ರಂದು, ನ್ಯೂಯಾರ್ಕ್ ನಗರದ ಹಾರ್ಲೆಮ್ ಎಂಬ ಕಪ್ಪು ಜನರ ಕೇರಿಯಲ್ಲಿ. ಹೆತ್ತ ತಂದೆ ಯಾರೆಂಬುದು ಅವನಿಗೆ ಕಡೆಯವರೆಗೂ ತಿಳಿಯಲಿಲ್ಲ. ಮೂರು ವರ್ಷದ ಮಗುವಾಗಿದ್ದಾಗ ತಾಯಿ ಡೇವಿಡ್ ಬಾಲ್ಡ್‌ವಿನ್ ಎಂಬ ಧರ್ಮೋಪದೇಶಕನನ್ನು ಮದುವೆಯಾದಳು. ಆ ಮಲತಂದೆಯ ಹೆಸರೇ ಲೋಕವಿಖ್ಯಾತವಾಯಿತು. ಕನ್ನಡದ ಮೇಷ್ಟ್ರಾದ ನನಗೆ ಇಲ್ಲಿ ಪಂಪನ ಕರ್ಣ ನೆನಪಾದರೆ ಆಶ್ಚರ್ಯವಿಲ್ಲ. ಹುಟ್ಟಿನ ಪ್ರಶ್ನೆಯನ್ನು ಜೀವಮಾನವಿಡೀ ಬೆನ್ನ ಮೇಲೆ ಹೊತ್ತು ತಿರುಗಿದವನ ನಿಷ್ಠುರವಾದ ಘನತೆ ಇಬ್ಬರಲ್ಲೂ ಇದೆ.

ಒಂಬತ್ತು ಮಕ್ಕಳಲ್ಲಿ ಹಿರಿಯನಾದ ಜೇಮ್ಸ್ ಒಂದು ಕೈಯಲ್ಲಿ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಬೆಳೆದ. ಮಲತಂದೆ ಕಠೋರ ಸ್ವಭಾವದವನು. ಬಿಳಿಯರ ಮೇಲಿನ ದ್ವೇಷ ಅವನನ್ನು ಒಳಗಿನಿಂದಲೇ ತಿನ್ನುತ್ತಿತ್ತು, ಮನೆಯ ಮಕ್ಕಳೂ ಅದರ ಉರಿಗೆ ಬೇಯುತ್ತಿದ್ದರು. ಹದಿನಾಲ್ಕನೆಯ ವಯಸ್ಸಿಗೆ ಬಾಲಕ ಜೇಮ್ಸ್ ತಾನೂ ಚರ್ಚಿನ ವೇದಿಕೆ ಏರಿ ಉಪದೇಶ ಮಾಡತೊಡಗಿದ. ತಂದೆಗಿಂತ ಹೆಚ್ಚು ಜನ ಅವನ ಮಾತಿಗೆ ಸೇರುತ್ತಿದ್ದರು. ಹದಿನೇಳಕ್ಕೆ ಆ ವೇದಿಕೆಯಿಂದ ಇಳಿದುಬಿಟ್ಟ. ಆದರೆ ಬೈಬಲ್ಲಿನ ಲಯ ಅವನ ಗದ್ಯದಿಂದ ಎಂದೂ ಇಳಿಯಲಿಲ್ಲ. ಅವನ ದೀರ್ಘವಾಕ್ಯಗಳು ಅಲೆಯಲೆಯಾಗಿ ಏರಿ, ಒಂದು ಕ್ಷಣ ನಿಂತು, ಪೆಟ್ಟಿನಂತೆ ಎರಗುವುದನ್ನು ಬಲ್ಲವರಿಗೆ ಅದರ ಮೂಲ ಎಲ್ಲಿಯದೆಂದು ಹೇಳಬೇಕಾಗಿಲ್ಲ.

ಈ ಕಾಲದಲ್ಲಿ ಅವನಿಗೆ ದೊರೆತ ಒಬ್ಬ ಗುರುವನ್ನು ಇಲ್ಲಿ ನೆನೆಯಬೇಕು. ಬ್ಯೂಫರ್ಡ್ ಡಿಲೇನಿ ಎಂಬ ಕಪ್ಪು ಚಿತ್ರಕಾರ. ಒಮ್ಮೆ ಇಬ್ಬರೂ ರಸ್ತೆಯ ಅಂಚಿನಲ್ಲಿ ನಿಂತಿದ್ದಾಗ ಡಿಲೇನಿ ಚರಂಡಿಯ ಬದಿಯಲ್ಲಿ ನಿಂತ ಕೊಳಕು ನೀರನ್ನು ತೋರಿಸಿ, ನೋಡು ಎಂದನಂತೆ. ಬಾಲ್ಡ್‌ವಿನ್ ನೋಡಿದ, ನೀರಲ್ಲದೆ ಬೇರೇನೂ ಕಾಣಲಿಲ್ಲ. ಮತ್ತೆ ನೋಡು ಎಂದ. ಆಗ ಆ ನೀರಿನ ಮೇಲೆ ಎಣ್ಣೆಯ ಬಣ್ಣಗಳೂ, ಅವುಗಳಲ್ಲಿ ನಡುಗುವ ನಗರದ ಪ್ರತಿಬಿಂಬವೂ ಕಂಡವು. ಮುಂದೆ ಎಷ್ಟೋ ವರ್ಷಗಳ ಮೇಲೆ ಸಂದರ್ಶನವೊಂದರಲ್ಲಿ ಬಾಲ್ಡ್‌ವಿನ್ ಇದನ್ನು ನೆನೆದ. ಕಣ್ಣೆದುರಿಗಿದ್ದರೂ ನೋಡಲು ನಿರಾಕರಿಸಿದ್ದನ್ನು ನೋಡುವುದೇ ಅವನ ಪಾಲಿಗೆ ಸಾಹಿತ್ಯವಾಯಿತು.

ಎರಡನೆಯ ಮಹಾಯುದ್ಧದ ಕಾಲ. ನ್ಯೂಜೆರ್ಸಿಯಲ್ಲಿ ಯುದ್ಧಕ್ಕೆ ಸಂಬಂಧಿಸಿದ ಕೂಲಿ ಕೆಲಸಕ್ಕೆ ಹೋಗಿದ್ದ ತರುಣ ಬಾಲ್ಡ್‌ವಿನ್ ಒಂದು ಸಂಜೆ ಬಿಳಿಯರ ಉಪಾಹಾರಗೃಹಕ್ಕೆ ಬೇಕೆಂದೇ ಹೊಕ್ಕು ಕುಳಿತ. ಇಲ್ಲಿ ನಿಮ್ಮವರಿಗೆ ಬಡಿಸುವುದಿಲ್ಲವೆಂದು ಪರಿಚಾರಿಕೆ ಹೇಳಿದಳು. ಕೈಗೆ ಸಿಕ್ಕ ನೀರಿನ ಪಾತ್ರೆಯನ್ನು ಅವಳತ್ತ ಬೀಸಿ ಎಸೆದ. ಅವಳು ಬಾಗಿದ್ದರಿಂದ ಹಿಂದಿನ ಕನ್ನಡಿ ಒಡೆದು ಚೂರಾಯಿತು. ಗೆಳೆಯನೊಬ್ಬನ ಸಮಯಪ್ರಜ್ಞೆಯಿಂದ ಜೀವ ಉಳಿಯಿತು. ಆ ರಾತ್ರಿ ಅವನು ಕಂಡುಕೊಂಡದ್ದು ಎರಡು ಸಂಗತಿ: ತಾನು ಕೊಲೆಯಾಗಬಹುದಿತ್ತು, ತಾನೇ ಕೊಲೆ ಮಾಡಬಹುದಿತ್ತು. ತನ್ನ ಪ್ರಾಣಕ್ಕೆ ನಿಜವಾದ ಅಪಾಯವಿರುವುದು ತನ್ನ ಎದೆಯಲ್ಲಿಯೇ ಕೂತ ದ್ವೇಷದಿಂದ ಎಂಬುದು ಅವನಿಗೆ ಹೊಳೆಯಿತು. 1943ರ ಜುಲೈ 29ರಂದು ಮಲತಂದೆ ತೀರಿಕೊಂಡ. ಅದೇ ದಿನ ಕಡೆಯ ತಂಗಿ ಹುಟ್ಟಿದಳು. ಅಂತ್ಯಕ್ರಿಯೆಯ ದಿನವೇ ಅವನ ಹತ್ತೊಂಬತ್ತನೆಯ ಹುಟ್ಟುಹಬ್ಬ. ಅದೇ ಹೊತ್ತಿಗೆ ಹಾರ್ಲೆಮಿನಲ್ಲಿ ದಂಗೆ ಎದ್ದು, ಸ್ಮಶಾನದ ದಾರಿಯುದ್ದಕ್ಕೂ ಅಂಗಡಿಗಳ ಗಾಜು ಒಡೆದು ಬಿದ್ದಿತ್ತು. ಈ ನಾಲ್ಕು ಸಂಗತಿಗಳನ್ನು ಒಂದು ಹಗ್ಗವಾಗಿ ಹೊಸೆದು ಅವನು ಬರೆದ ಪ್ರಬಂಧವೇ 1955ರಲ್ಲಿ ಪ್ರಕಟವಾದ 'ನೋಟ್ಸ್ ಆಫ್ ಎ ನೇಟಿವ್ ಸನ್' ಸಂಕಲನಕ್ಕೆ ಹೆಸರು ಕೊಟ್ಟಿತು.

ಇನ್ನೊಂದು ಸಾವು ಅವನನ್ನು ಇಷ್ಟೇ ಆಳವಾಗಿ ತಟ್ಟಿತು. ಯೂಜೀನ್ ವರ್ತ್ ಎಂಬ ಗೆಳೆಯ 1946ರ ಚಳಿಗಾಲದಲ್ಲಿ ಜಾರ್ಜ್ ವಾಷಿಂಗ್ಟನ್ ಸೇತುವೆಯಿಂದ ಹಡ್ಸನ್ ನದಿಗೆ ಹಾರಿ ಪ್ರಾಣ ಕಳೆದುಕೊಂಡ. ತನಗೆ ಬಾಲ್ಡ್‌ವಿನ್‌ನ ಮೇಲೆ ಪ್ರೀತಿ ಹುಟ್ಟಿರಬಹುದೇ ಎಂದು ಆ ಗೆಳೆಯ ಒಮ್ಮೆ ಹೇಳಿದ್ದನಂತೆ. ಆ ಮಾತಿಗೆ ಬಾಲ್ಡ್‌ವಿನ್‌ನಿಂದ ಆಗ ತಕ್ಕ ಉತ್ತರ ಬರಲಿಲ್ಲ. ನಾಲ್ಕು ದಶಕಗಳ ಮೇಲೆ ತನ್ನ ಪ್ರಬಂಧಗಳ ಸಮಗ್ರ ಸಂಪುಟಕ್ಕೆ ಮುನ್ನುಡಿ ಬರೆಯುವಾಗಲೂ ಆ ಉತ್ತರವಿಲ್ಲದ ಕ್ಷಣ ಅವನನ್ನು ಬಿಟ್ಟಿರಲಿಲ್ಲ. 1962ರ 'ಅನದರ್ ಕಂಟ್ರಿ' ಕಾದಂಬರಿಯಲ್ಲಿ ಅದೇ ಸೇತುವೆಯಿಂದ ಹಾರುವ ರೂಫಸ್ ಎಂಬ ಸಂಗೀತಗಾರನ ಹಿಂದೆ ನಿಂತಿರುವವನು ಈ ಯೂಜೀನ್.

ಇಂಥ ನಗರದಲ್ಲಿ ಉಳಿದರೆ ತಾನೂ ಆ ಸೇತುವೆಯ ಕಡೆಗೇ ನಡೆಯುತ್ತೇನೆಂದು ಅವನಿಗೆ ಅನಿಸಿತು. 1948ರ ನವೆಂಬರ್ 11ರಂದು, ಜೇಬಿನಲ್ಲಿ ಕೇವಲ ನಲವತ್ತು ಡಾಲರ್ ಇಟ್ಟುಕೊಂಡು ಪ್ಯಾರಿಸ್ಸಿಗೆ ಹೊರಟ. ಪ್ಯಾರಿಸ್ ಸ್ವರ್ಗವೇನೂ ಆಗಲಿಲ್ಲ. ಮರುವರ್ಷದ ಡಿಸೆಂಬರಿನಲ್ಲಿ, ಪರಿಚಿತನೊಬ್ಬ ಇನ್ನೊಂದು ವಸತಿಗೃಹದಿಂದ ತಂದಿದ್ದ ಹಾಸಿಗೆಯ ಹೊದಿಕೆ ಇವನ ಕೋಣೆಯಲ್ಲಿ ಸಿಕ್ಕಿತೆಂಬ ಕಾರಣಕ್ಕೆ ಕ್ರಿಸ್‌ಮಸ್ ಹಬ್ಬವನ್ನು ಸೆರೆಮನೆಯಲ್ಲಿ ಕಳೆಯಬೇಕಾಯಿತು. ಮೊಕದ್ದಮೆ ವಜಾ ಆಯಿತು. ಹೊದಿಕೆಯ ಕಥೆ ಕೇಳಿ ನ್ಯಾಯಾಲಯ ನಕ್ಕಿತು. ಬಡವನ ಸಂಕಟ ವಿನೋದವಾಗಿ ಕಾಣುವ ಆ ನಗೆಯನ್ನು ಅವನು ತನ್ನ ಊರಿನಲ್ಲಿಯೇ ಕೇಳಿದ್ದ. ಅದು ಎಲ್ಲ ದೇಶಗಳಲ್ಲಿಯೂ ಇದೆ ಎಂಬುದನ್ನು ಪ್ಯಾರಿಸ್ ಅವನಿಗೆ ಕಲಿಸಿತು.

ಪ್ಯಾರಿಸ್ಸಿನಲ್ಲಿಯೇ ಲೂಸಿಯೆನ್ ಹ್ಯಾಪರ್ಸ್‌ಬರ್ಗರ್ ಎಂಬ ಸ್ವಿಸ್ ತರುಣನ ಸ್ನೇಹವಾಯಿತು. ಅದು ಪ್ರೇಮವಾಗಿ, ಬಹುಕಾಲದ ಮೈತ್ರಿಯಾಗಿ, ಬಾಲ್ಡ್‌ವಿನ್‌ನ ಕೊನೆಯ ಉಸಿರಿನವರೆಗೂ ಉಳಿಯಿತು. ಲೂಸಿಯೆನ್ನನ ಮನೆಯವರಿಗೆ ಆಲ್ಪ್ಸ್ ಪರ್ವತದ ಲೋಯ್ಕರ್‌ಬಾಡ್ ಎಂಬ ಹಳ್ಳಿಯಲ್ಲಿ ಒಂದು ಮನೆ ಇತ್ತು. ಅಲ್ಲಿನ ಜನ ಕಪ್ಪು ಮನುಷ್ಯನನ್ನು ಅದುವರೆಗೆ ಕಂಡವರಲ್ಲ. ಮಕ್ಕಳು ಬೀದಿಯಲ್ಲಿ ಕೂಗುತ್ತ ಹಿಂಬಾಲಿಸುತ್ತಿದ್ದರು, ಹಿರಿಯರು ಅವನ ಕೂದಲನ್ನು ಮುಟ್ಟಿ ನೋಡುತ್ತಿದ್ದರು. ಆ ಹಿಮದ ನಡುವೆ, ಒಂದು ಬೆರಳಚ್ಚು ಯಂತ್ರ ಮತ್ತು ಬೆಸ್ಸಿ ಸ್ಮಿತ್ ಎಂಬ ಕಪ್ಪು ಗಾಯಕಿಯ ಧ್ವನಿಮುದ್ರಿಕೆಗಳನ್ನು ಇಟ್ಟುಕೊಂಡು, ತಾನು ಮರೆಯಲು ಹೊರಟಿದ್ದ ತಾಯ್ನುಡಿಯ ಏರಿಳಿತವನ್ನು ಮತ್ತೆ ಕಿವಿಗೆ ತುಂಬಿಕೊಳ್ಳುತ್ತ, ಹತ್ತು ವರ್ಷದಿಂದ ಮುಗಿಯದೆ ಉಳಿದಿದ್ದ ಮೊದಲ ಕಾದಂಬರಿಯನ್ನು ಮುಗಿಸಿದ. 'ಗೋ ಟೆಲ್ ಇಟ್ ಆನ್ ದ ಮೌಂಟನ್' 1953ರಲ್ಲಿ ಹೊರಬಂದಿತು. ಹಾರ್ಲೆಮಿನ ಚರ್ಚು, ಉಗ್ರನಾದ ತಂದೆ, ಹದಿನಾಲ್ಕರ ಬಾಲಕ, ಇವಿಷ್ಟೇ ಅದರ ಸಾಮಗ್ರಿ. ಕಪ್ಪು ಜನಾಂಗದ ಮಹಾ ಕಾದಂಬರಿಕಾರ ಬಂದನೆಂದು ವಿಮರ್ಶಕರು ಸಂತೋಷಪಟ್ಟರು.

ಆ ಸಂತೋಷಕ್ಕೆ ತಕ್ಕಂತೆ ಅವನು ಎರಡನೆಯ ಕಾದಂಬರಿ ಬರೆದಿದ್ದರೆ ಬದುಕು ಸುಗಮವಾಗಿರುತ್ತಿತ್ತು. ಅವನು ಬರೆದದ್ದು 'ಜಿಯೊವಾನಿಸ್ ರೂಮ್'. ಅದರಲ್ಲಿ ಹಾರ್ಲೆಮ್ ಇಲ್ಲ. ಪ್ರಮುಖ ಪಾತ್ರಗಳಲ್ಲಿ ಒಬ್ಬನೂ ಕಪ್ಪು ಮನುಷ್ಯನಲ್ಲ. ಪ್ಯಾರಿಸ್ಸಿಗೆ ಬಂದ ಡೇವಿಡ್ ಎಂಬ ಅಮೆರಿಕನ್ ಬಿಳಿಯ ತರುಣನಿಗೂ ಜಿಯೊವಾನಿ ಎಂಬ ಇಟಾಲಿಯನ್ ಪಾನಗೃಹದ ಕೆಲಸಗಾರನಿಗೂ ನಡುವಣ ಪ್ರೇಮದ ಕಥೆ ಅದು. ಮೊದಲ ಕಾದಂಬರಿಯ ಪ್ರಕಾಶಕರು ಇದನ್ನು ಒಲ್ಲೆವೆಂದರು. ಅವನ ಪರವಾಗಿ ಪ್ರಕಾಶಕರೊಡನೆ ವ್ಯವಹರಿಸುತ್ತಿದ್ದ ಪ್ರತಿನಿಧಿಯೇ ಹಸ್ತಪ್ರತಿಯನ್ನು ಸುಟ್ಟುಬಿಡುವಂತೆ ಹೇಳಿದರೆಂದು ಬಾಲ್ಡ್‌ವಿನ್ ಮುಂದೆ ನೆನೆದಿದ್ದಾನೆ. ನೀನು ಕಪ್ಪು ಲೇಖಕ, ನಿನಗೊಂದು ಓದುಗವರ್ಗವಿದೆ, ಇದು ಅವರನ್ನು ದೂರಮಾಡುತ್ತದೆ ಎಂಬುದು ಹಿತವಚನ. 1956ರಲ್ಲಿ ಡಯಲ್ ಪ್ರೆಸ್ ಅದನ್ನು ಪ್ರಕಟಿಸಿತು. ಅಮೆರಿಕದಲ್ಲಿ ಸಲಿಂಗಕಾಮ ಪ್ರತಿಯೊಂದು ರಾಜ್ಯದಲ್ಲಿಯೂ ಅಪರಾಧವಾಗಿದ್ದ ಕಾಲ ಅದು ಎಂಬುದನ್ನು ನಾವು ಮರೆಯಬಾರದು.

ಕಥೆ ಹೀಗಿದೆ. ಡೇವಿಡ್ ಮದುವೆಯಾಗಬೇಕೆಂದಿರುವ ಹೆಲ್ಲಾ ಸ್ಪೇನಿಗೆ ಹೋಗಿದ್ದಾಳೆ. ಆ ಅವಧಿಯಲ್ಲಿ ಡೇವಿಡ್ ಜಿಯೊವಾನಿಯ ಇಕ್ಕಟ್ಟಾದ ಕೋಣೆಯಲ್ಲಿ ಅವನೊಡನೆ ಬಾಳುತ್ತಾನೆ. ಹೆಲ್ಲಾ ಹಿಂತಿರುಗಿದ ಕೂಡಲೇ ಒಂದು ಮಾತನ್ನೂ ಹೇಳದೆ ಅವನನ್ನು ತೊರೆಯುತ್ತಾನೆ. ಆಸರೆ ತಪ್ಪಿದ ಜಿಯೊವಾನಿ ದುರ್ಗತಿಗಿಳಿದು, ತನ್ನನ್ನು ಅವಮಾನಿಸಿದ ಹಳೆಯ ಯಜಮಾನನನ್ನು ಕೊಂದು, ಶಿರಚ್ಛೇದದ ಶಿಕ್ಷೆಗೆ ಗುರಿಯಾಗುತ್ತಾನೆ. ಶಿಕ್ಷೆಯ ಹಿಂದಿನ ರಾತ್ರಿ ಫ್ರಾನ್ಸಿನ ದಕ್ಷಿಣದ ಒಂದು ಮನೆಯಲ್ಲಿ ಒಂಟಿಯಾಗಿ ಕಿಟಕಿಯ ಗಾಜಿನಲ್ಲಿ ತನ್ನ ಮುಖವನ್ನೇ ನೋಡುತ್ತ ನಿಂತ ಡೇವಿಡ್ ಇಡೀ ಕಥೆಯನ್ನು ಹೇಳುತ್ತಾನೆ. ಇಲ್ಲಿ ದುರಂತಕ್ಕೆ ಕಾರಣ ಇಬ್ಬರು ಗಂಡಸರ ಪ್ರೀತಿಯಲ್ಲ. ಆ ಪ್ರೀತಿಗೆ ಒಬ್ಬ ಹೆದರಿದ್ದು, ತಾನು ಮಡಿಯಾಗಿ, ಮೈಲಿಗೆಯಿಲ್ಲದೆ ಉಳಿಯಬೇಕೆಂಬ ಅವನ ಹಂಬಲ, ಅದೇ ಇಬ್ಬರ ಬಾಳನ್ನೂ, ಹೆಲ್ಲಾಳ ಬಾಳನ್ನೂ ಒಟ್ಟಿಗೆ ಕೆಡಿಸುತ್ತದೆ. ಮಡಿ ಮೈಲಿಗೆ ಎಂಬ ನಮ್ಮ ಮಾತುಗಳನ್ನು ನಾನು ಬೇಕೆಂದೇ ಬಳಸಿದೆ. ಕನ್ನಡ ಓದುಗನಿಗೆ ಈ ಕಾದಂಬರಿಯ ಹೃದಯ ತಿಳಿಯಲು ಇವುಗಳಿಗಿಂತ ಒಳ್ಳೆಯ ಮಾತು ಬೇಕಿಲ್ಲ.

1957ರಲ್ಲಿ ಬಾಲ್ಡ್‌ವಿನ್ ಸ್ವದೇಶಕ್ಕೆ ಮರಳಿದ. ಬಿಳಿಯರ ಶಾಲೆಗೆ ಹೋದ ಕಪ್ಪು ಬಾಲಕಿಯರ ಮೇಲೆ ಜನ ಉಗುಳುತ್ತಿದ್ದ ದಿನಗಳು ಅವು. ಪ್ಯಾರಿಸ್ಸಿನ ಚಹಾದಂಗಡಿಯಲ್ಲಿ ಕೂತು ಅದನ್ನು ಚರ್ಚಿಸುತ್ತಿರಲು ಅವನಿಗೆ ಮನಸ್ಸೊಪ್ಪಲಿಲ್ಲ. ತಾನೆಂದೂ ಕಾಣದಿದ್ದ ದಕ್ಷಿಣದ ರಾಜ್ಯಗಳಿಗೆ ಹೋಗಿ, ಷಾರ್ಲಟ್, ಅಟ್ಲಾಂಟಾ, ಮಾಂಟ್‌ಗೊಮರಿ ಊರುಗಳನ್ನು ಸುತ್ತಿ, ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕಂಡ. ಅಲ್ಲಿಂದ ಮುಂದಿನ ಹತ್ತು ವರ್ಷ ಅವನ ಲೇಖನಿಯೂ ನಾಲಿಗೆಯೂ ಚಳವಳಿಯ ಆಸ್ತಿಯಾದವು. 1963ರಲ್ಲಿ ಪ್ರಕಟವಾದ 'ದ ಫೈರ್ ನೆಕ್ಸ್ಟ್ ಟೈಮ್' ಅವನನ್ನು ಮನೆಮಾತಾಗಿಸಿತು. ಅದರ ಮೊದಲ ಭಾಗ ತಮ್ಮನ ಮಗನಿಗೆ ಬರೆದ ಪತ್ರ. ಈ ದೇಶ ನಿನ್ನನ್ನು ಏನೆಂದು ಕರೆಯುತ್ತದೆಯೋ ಅದು ನಿನ್ನ ಅಳತೆಯಲ್ಲ, ಕರೆಯುವವರ ಭೀತಿಯ ಅಳತೆ ಎಂಬುದು ಅದರ ಸಾರ. ತಾವು ಏನು ಮಾಡುತ್ತಿದ್ದೇವೆಂಬುದನ್ನು ಅರಿಯಲೊಲ್ಲದ, ತಮ್ಮ ಕೈ ಶುದ್ಧವೆಂದೇ ನಂಬಿರುವ ಸಜ್ಜನರ ಮುಗ್ಧತೆಯನ್ನು ಅವನು ಅಪರಾಧವೆಂದು ಕರೆದ. ಶ್ರೋತೃಗಳೇ, ಈ ಮುಗ್ಧತೆಯೂ ಡೇವಿಡ್‌ನ ಮಡಿಯೂ ಒಂದೇ ಅಲ್ಲವೇ? ಜನಾಂಗದ ಪ್ರಶ್ನೆಗೂ ಪ್ರೇಮದ ಪ್ರಶ್ನೆಗೂ ಅವನು ಹಚ್ಚಿದ ದೀಪ ಒಂದೇ. ಅದು ನನಗೆ ಬಹಳ ತಡವಾಗಿ ಕಂಡಿತು.

ಅದೇ 1963ರ ಮೇ ತಿಂಗಳಲ್ಲಿ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಅವನ ಚಿತ್ರ ಬಂದಿತು. ಅದಾದ ಒಂದು ವಾರಕ್ಕೆ, ಮೇ 24ರಂದು, ಅಧ್ಯಕ್ಷರ ಸಹೋದರನೂ ಅಟಾರ್ನಿ ಜನರಲ್ಲನೂ ಆದ ರಾಬರ್ಟ್ ಕೆನೆಡಿಯವರ ಕೋರಿಕೆಯ ಮೇರೆಗೆ ನ್ಯೂಯಾರ್ಕಿನಲ್ಲಿ ಒಂದು ಮಾತುಕತೆ ಏರ್ಪಡಿಸಿದ. ನಾಟಕಕಾರ್ತಿ ಲೊರೇನ್ ಹ್ಯಾನ್ಸ್‌ಬರಿ ಮೊದಲಾದವರೊಂದಿಗೆ, ಚಳವಳಿಯಲ್ಲಿ ಪೆಟ್ಟುತಿಂದ ಜೆರೋಮ್ ಸ್ಮಿತ್ ಎಂಬ ತರುಣನನ್ನೂ ಕರೆತಂದಿದ್ದ. ಮಂತ್ರಿಗೆ ತರುಣನ ಸಿಟ್ಟು ಅರ್ಥವಾಗಲಿಲ್ಲ. ಸಭೆ ಮುರಿದುಬಿತ್ತು. ಆಮೇಲೆ ಕೇಂದ್ರ ಗುಪ್ತಚರ ಪೊಲೀಸರಾದ ಎಫ್.ಬಿ.ಐ.ಯವರ ಕಣ್ಣು ಅವನ ಮೇಲೆ ಮತ್ತಷ್ಟು ತೀಕ್ಷ್ಣವಾಯಿತು. ಅವನ ಹೆಸರಿನ ಕಡತ ಕೊನೆಗೆ 1,884 ಪುಟಗಳಷ್ಟು ಬೆಳೆಯಿತು. ಆ ಇಲಾಖೆಯ ಮುಖ್ಯಸ್ಥ ಎಡ್ಗರ್ ಹೂವರ್, ಈತ ಕುಖ್ಯಾತ ವಿಕೃತನಲ್ಲವೇ ಎಂಬ ಅರ್ಥದ ಷರಾ ಬರೆದದ್ದೂ ಅದರಲ್ಲಿ ಸೇರಿದೆ. ಆ ವರ್ಷದ ಅಕ್ಟೋಬರಿನಲ್ಲಿ ಅಲಬಾಮಾದ ಸೆಲ್ಮಾ ಪಟ್ಟಣಕ್ಕೆ ಹೋಗಿ, ಮತದಾರರ ಪಟ್ಟಿಗೆ ಹೆಸರು ಸೇರಿಸಲು ಇಡೀ ದಿನ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತ ಕಪ್ಪು ಜನರನ್ನು ಕಂಡ. ಅವರಿಗೆ ಊಟ ನೀರು ಕೊಡಲು ಹೋದ ಕಾರ್ಯಕರ್ತರನ್ನು ಪೊಲೀಸರು ಹೊಡೆದು ಎಳೆದೊಯ್ದರು.

ವಿರೋಧಿಗಳ ನಿಂದೆಯನ್ನು ಸಹಿಸಬಹುದು. ನಮ್ಮವರ ಸಂಕೋಚವನ್ನು ಸಹಿಸುವುದು ಕಷ್ಟ. 1963ರ ಆಗಸ್ಟ್ 28ರ ವಾಷಿಂಗ್ಟನ್ ಮಹಾಮೆರವಣಿಗೆಗೆ ಬಾಲ್ಡ್‌ವಿನ್ ಪ್ಯಾರಿಸ್ಸಿನಿಂದ ಬಂದ. ಅಷ್ಟು ದೊಡ್ಡ ವಾಗ್ಮಿಗೆ ಅಂದು ಮಾತನಾಡುವ ಅವಕಾಶ ಕೊಡಲಿಲ್ಲ. ಆ ಮೆರವಣಿಗೆಯನ್ನು ಕಟ್ಟಿದ ಬೇಯಾರ್ಡ್ ರಸ್ಟಿನ್ ಸಹ ಸಲಿಂಗಪ್ರೇಮಿ. ಗಾಂಧೀಜಿಯವರ ಅಹಿಂಸಾ ಮಾರ್ಗವನ್ನು ಅರಿಯಲು 1948ರಲ್ಲಿ ಭಾರತಕ್ಕೆ ಬಂದುಹೋದವರು ಅವರು. ಮೆರವಣಿಗೆಗೆ ಕೆಲವೇ ದಿನ ಮೊದಲು ಸೆನೆಟರ್ ಒಬ್ಬರು ಸಭೆಯಲ್ಲಿ ರಸ್ಟಿನ್ನರ ಹಳೆಯ ಬಂಧನದ ವಿಷಯವನ್ನೆತ್ತಿ ಮಾನಕಳೆಯಲು ಯತ್ನಿಸಿದರು. ಹಿರಿಯ ಕಾರ್ಮಿಕ ನಾಯಕ ಫಿಲಿಪ್ ರಾಂಡಾಲ್ಫ್ ಅವರು ರಸ್ಟಿನ್ನರ ಬೆನ್ನಿಗೆ ನಿಂತದ್ದರಿಂದ ಕೆಲಸ ಕೆಡಲಿಲ್ಲ. ಕಿಂಗ್ ಅವರ ಆಪ್ತ ಸಲಹೆಗಾರರೊಬ್ಬರು, ಬಾಲ್ಡ್‌ವಿನ್ ಮತ್ತು ರಸ್ಟಿನ್ ಇಬ್ಬರೂ ಸಲಿಂಗಿಗಳ ಚಳವಳಿಗೆ ನಾಯಕರಾಗಲು ಹೆಚ್ಚು ತಕ್ಕವರೆಂದು ದೂರವಾಣಿಯಲ್ಲಿ ಆಡಿದ ಮಾತನ್ನು ಗುಪ್ತಚರರು ಕದ್ದು ಕೇಳಿ ದಾಖಲಿಸಿಕೊಂಡರು. ಕದ್ದು ಕೇಳುವವರೂ ಕೇಳಿಸಿಕೊಂಡವರೂ ಈ ಒಂದು ವಿಷಯದಲ್ಲಿ ಒಮ್ಮತದವರಾಗಿದ್ದರು!

ಅವನ ಮಾತಿನ ಶಕ್ತಿಗೆ ಒಂದು ಸಾಕ್ಷಿ ಸಾಕು. 1965ರ ಫೆಬ್ರವರಿ 18ರಂದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಚರ್ಚಾವೇದಿಕೆಯಲ್ಲಿ ವಿಲಿಯಂ ಬಕ್ಲಿ ಎಂಬ ಪ್ರಚಂಡ ವಾದಿಯ ಎದುರು ನಿಂತು ಮಾತನಾಡಿದ. ಅಮೆರಿಕದ ಸುಖಸ್ವಪ್ನಕ್ಕೆ ಬೆಲೆ ತೆತ್ತವರು ಯಾರು ಎಂಬುದು ಪ್ರಶ್ನೆ. ಮತ ಎಣಿಸಿದಾಗ ಅವನ ಪಕ್ಷಕ್ಕೆ 544, ಎದುರು ಪಕ್ಷಕ್ಕೆ 164. ಮೂರೇ ದಿನಕ್ಕೆ ಅವನ ಗೆಳೆಯ ಮಾಲ್ಕಮ್ ಎಕ್ಸ್‌ನ ಕೊಲೆಯಾಯಿತು. ಮೆಡ್ಗರ್ ಎವರ್ಸ್ 1963ರಲ್ಲಿಯೇ ಗುಂಡಿಗೆ ಬಲಿಯಾಗಿದ್ದರು. 1968ರ ಏಪ್ರಿಲ್ 4ರಂದು ಕಿಂಗ್ ಅವರೂ ಹೋದರು. ಐದು ವರ್ಷಗಳಲ್ಲಿ ಮೂವರು ಮಿತ್ರರು, ನಲವತ್ತನ್ನೂ ದಾಟದವರು.

ಅದೇ 1968ರಲ್ಲಿ ಎಲ್ಡ್ರಿಜ್ ಕ್ಲೀವರ್ ಎಂಬ ಬ್ಲ್ಯಾಕ್ ಪ್ಯಾಂಥರ್ ನಾಯಕ ತನ್ನ ಪುಸ್ತಕದಲ್ಲಿ ಬಾಲ್ಡ್‌ವಿನ್‌ನನ್ನು ನಿರ್ದಯವಾಗಿ ಹಳಿದ. ಗಂಡಸುತನವಿಲ್ಲದವನು, ಸ್ವಜನದ್ವೇಷಿ, ಅವನ ಪ್ರೇಮ ಒಂದು ರೋಗ ಎಂಬ ಧಾಟಿಯ ಬರಹ. ಬಾಲ್ಡ್‌ವಿನ್ 1972ರಲ್ಲಿ ಇದಕ್ಕೆ ಉತ್ತರ ಕೊಟ್ಟ. ಆ ಉತ್ತರದಲ್ಲಿ ನೋವಿದೆ, ಸೇಡಿಲ್ಲ. ಆ ತರುಣ ತನ್ನ ಊರಿನ ಕೋಟೆಯನ್ನು ಕಾಯುತ್ತಿದ್ದೇನೆಂದು ತಿಳಿದಿರಬೇಕು ಎಂಬ ರೀತಿಯಲ್ಲಿ ಬರೆದ. ಬಿಳಿಯರ ಪಾಲಿಗೆ ಅವನು ಹೆಚ್ಚು ಕಪ್ಪು, ಕಪ್ಪು ಕ್ರಾಂತಿಕಾರರ ಪಾಲಿಗೆ ಸಾಲದಷ್ಟು ಗಂಡಸು. ಇಬ್ಬರೂ ಅವನ ಒಂದೊಂದು ಭಾಗವನ್ನು ಬಿಟ್ಟು ಬರಲು ಹೇಳಿದರು. ಅವನು ಯಾವುದನ್ನೂ ಬಿಡಲಿಲ್ಲ. 1974ರ 'ಇಫ್ ಬೀಲ್ ಸ್ಟ್ರೀಟ್ ಕುಡ್ ಟಾಕ್' ಕಾದಂಬರಿಯಲ್ಲಿ ಸುಳ್ಳು ಆರೋಪಕ್ಕೆ ಸೆರೆಯಾದ ತರುಣನನ್ನೂ ಗರ್ಭಿಣಿಯಾದ ಅವನ ಪ್ರಿಯೆಯನ್ನೂ ಚಿತ್ರಿಸಿದವನೇ, 1979ರ 'ಜಸ್ಟ್ ಅಬವ್ ಮೈ ಹೆಡ್' ಕಾದಂಬರಿಯಲ್ಲಿ ಗಂಡಸನ್ನು ಪ್ರೀತಿಸಿದ ಕಪ್ಪು ಭಕ್ತಿಗಾಯಕನ ಕಥೆಯನ್ನು ಅವನ ಅಣ್ಣನ ಬಾಯಲ್ಲಿ ಹೇಳಿಸಿದ.

ಸಲಿಂಗಿಗಳ ಸಂಘಟನೆಗಳಿಗೆ ಅವನು ಧ್ವಜ ಹಿಡಿದ ನಾಯಕನಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲಿಷಿನ 'ಗೇ' ಎಂಬ ಮಾತು ತನ್ನ ಮೈಗೆ ಸರಿಯಾಗಿ ಹೊಂದುವುದಿಲ್ಲವೆಂದು 1984ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ. ಪ್ರೇಮಕ್ಕೆ ಚೀಟಿ ಅಂಟಿಸುವುದೇ ಅವನಿಗೆ ಒಗ್ಗುತ್ತಿರಲಿಲ್ಲ. ಆದರೆ ಮುಚ್ಚಿಟ್ಟವನೂ ಅಲ್ಲ. 1949ರಷ್ಟು ಹಿಂದೆಯೇ ಈ ವಿಷಯದ ಮೇಲೆ ಪ್ರಬಂಧ ಬರೆದ. 1985ರಲ್ಲಿ ಗಂಡಸುತನದ ಆದರ್ಶವೆಂಬುದರ ಟೊಳ್ಳನ್ನು ಮತ್ತೊಮ್ಮೆ ಬಿಚ್ಚಿ ತೋರಿಸಿದ. ನಡುವಣ ಮೂವತ್ತಾರು ವರ್ಷ ಅವನ ನಿಲುವು ಬದಲಾಗಲಿಲ್ಲ, ಲೋಕವೇ ಅವನ ಕಡೆಗೆ ಸ್ವಲ್ಪ ಸ್ವಲ್ಪ ಸರಿದು ಬಂದಿತು.

ಅವನು 1987ರ ಡಿಸೆಂಬರ್ 1ರಂದು ಫ್ರಾನ್ಸಿನ ಸೇಂಟ್ ಪಾಲ್ ದ ವಾನ್ಸ್ ಎಂಬ ಊರಿನ ತನ್ನ ಮನೆಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಅರವತ್ತಮೂರು ವರ್ಷ. ನ್ಯೂಯಾರ್ಕಿನ ದೊಡ್ಡ ಚರ್ಚಿನಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ ಟೋನಿ ಮಾರಿಸನ್, ಮಾಯಾ ಆಂಜೆಲೊ, ಅಮೀರಿ ಬರಾಕ ಮಾತನಾಡಿದರು. ಹಿಂದೊಮ್ಮೆ ಅವನನ್ನು ಕಟುವಾಗಿ ಗೇಲಿಮಾಡಿದ್ದ ಬರಾಕ ಅಂದು ಅವನಿಗೆ ಶ್ರದ್ಧಾಂಜಲಿ ಸಲ್ಲಿಸಿದರು.

ಈಗ ನನ್ನ ಮಾತಿಗೆ ಬರುತ್ತೇನೆ. ತೊಂಬತ್ತರ ದಶಕದ ಮಧ್ಯಭಾಗದಲ್ಲಿ ಎಂ.ಎ. ತರಗತಿಗೆ ನಾನು ತೌಲನಿಕ ಸಾಹಿತ್ಯದ ಪತ್ರಿಕೆಯನ್ನು ಬೋಧಿಸುತ್ತಿದ್ದೆ. ಕಪ್ಪು ಸಾಹಿತ್ಯ ಮತ್ತು ದಲಿತ ಸಾಹಿತ್ಯ ಎಂಬ ಭಾಗದಲ್ಲಿ ಬಾಲ್ಡ್‌ವಿನ್‌ನ ಬಗೆಗೆ ಮೂರು ಪಾಠ ಮಾಡಿದೆ. 'ಜಿಯೊವಾನಿಸ್ ರೂಮ್' ಹೆಸರನ್ನು ಹೇಳಿ, ಅದು ನಮ್ಮ ವಿಷಯಕ್ಕೆ ಹೊರತಾದುದೆಂದು ಮುಂದೆ ಸಾಗಿದೆ. ಮರುದಿನ ಒಬ್ಬ ವಿದ್ಯಾರ್ಥಿ ನನ್ನ ಕೊಠಡಿಯ ಬಾಗಿಲಿಗೆ ಬಂದು ನಿಂತ. ಮಿತಭಾಷಿ, ಜಾಣ. ಕೈಯಲ್ಲಿ ಗ್ರಂಥಾಲಯದಿಂದ ತಂದ ಆ ಕಾದಂಬರಿ. ಹಿಂಬದಿಯ ಎರವಲು ಚೀಟಿಯನ್ನು ತೆರೆದು ತೋರಿಸಿದ. ಅದರಲ್ಲಿ ಇದ್ದದ್ದು ಎರಡೇ ಹೆಸರು, ಮೇಲಿನದು ನನ್ನದು, ಕೆಳಗಿನದು ಅವನದು.

"ಸಾರ್, ನೀವು ಇದನ್ನು ಓದಿದ್ದೀರಿ. ಹೊರತು ಅಂತ ಏಕೆ ಹೇಳಿದಿರಿ?" ಎಂದು ಕೇಳಿದ.

ಅವನು ಕೇಳುತ್ತಿದ್ದುದು ಕಾದಂಬರಿಯನ್ನು ಕುರಿತಲ್ಲ ಎಂಬುದು ಆ ಕ್ಷಣವೇ ನನಗೆ ತಿಳಿಯಿತು. ತಿಳಿಯಲಿಲ್ಲವೆಂದು ಹೇಳಿ ಇಂದು ತಪ್ಪಿಸಿಕೊಳ್ಳಲಾರೆ. ಪರೀಕ್ಷೆಗೆ ಅದರಿಂದ ಪ್ರಶ್ನೆ ಬರುವುದಿಲ್ಲ, ವೃಥಾ ಕಾಲ ಕಳೆಯಬೇಡ ಎಂದೆ. ಅವನು ಚೀಟಿಯನ್ನು ಮಡಿಸಿ ಪುಸ್ತಕದೊಳಗಿಟ್ಟು, ನಮಸ್ಕಾರ ಹೇಳಿ ಹೋದ. ಪರೀಕ್ಷೆ ಬರೆದು ಊರು ಬಿಟ್ಟ. ಎಲ್ಲರಿಗಿಂತ ಮುಂದೆ ಸಂಶೋಧನೆಗೆ ಬರುತ್ತಾನೆಂದು ನಾವು ಭಾವಿಸಿದ್ದ ಹುಡುಗ ಮತ್ತೆ ವಿಭಾಗದ ಕಡೆ ತಲೆಹಾಕಲಿಲ್ಲ. ಬಾಲ್ಡ್‌ವಿನ್‌ನನ್ನು ಯೂಜೀನ್‌ನ ಸೇತುವೆ ಬೆನ್ನಟ್ಟಿದಂತೆ, ನನ್ನನ್ನು ಆ ಬಾಗಿಲು ಹಲವು ರಾತ್ರಿ ಎಬ್ಬಿಸಿದೆ. ಮಾತೆತ್ತದಿರುವುದು ಸೌಜನ್ಯವೆಂದು ತಿಳಿದಿದ್ದೆನಲ್ಲ, ಅದು ಬಾಲ್ಡ್‌ವಿನ್ ಹೇಳಿದ ಮುಗ್ಧತೆಯೇ ಆಗಿತ್ತು.

ಕಾಲ ನಿಲ್ಲಲಿಲ್ಲ. 2013ರಲ್ಲಿ ವಸುಧೇಂದ್ರ ಅವರ 'ಮೋಹನಸ್ವಾಮಿ' ಕಥಾಸಂಕಲನ ಹೊರಬಂದು, ನಾವು ಹೊರತೆಂದು ಇಟ್ಟಿದ್ದ ಬದುಕು ಕನ್ನಡದಲ್ಲಿಯೇ, ನಮ್ಮ ಊರುಮನೆಗಳ ನಡುವೆಯೇ ಮಾತನಾಡಿತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪು ನೀಡಿತು. ಆ ತೀರ್ಪಿನ ವಾರದಲ್ಲಿಯೇ ನನಗೊಂದು ಅಂಚೆಯ ಲಕೋಟೆ ಬಂದಿತು. ದೂರದ ನಗರದ ಮುದ್ರೆ. ಅಕ್ಷರ ನೋಡಿದೊಡನೆ ಗುರುತು ಸಿಕ್ಕಿತು, ಅವನ ಉತ್ತರಪತ್ರಿಕೆಗಳನ್ನು ಎರಡು ವರ್ಷ ತಿದ್ದಿದ್ದೆನಷ್ಟೆ. ತಾನು ಸೌಖ್ಯವಾಗಿರುವುದಾಗಿಯೂ, ಸಂಗಾತಿಯೊಡನೆ ನೆಮ್ಮದಿಯಿಂದಿರುವುದಾಗಿಯೂ ಬರೆದಿದ್ದ. ದೂರು ಇರಲಿಲ್ಲ. ಕೊನೆಯಲ್ಲಿ ಒಂದೇ ಪ್ರಶ್ನೆ ಇತ್ತು: ಈಗ ಆ ಕಾದಂಬರಿಯ ಪಾಠ ಮಾಡುತ್ತೀರಾ?

ಆ ವರ್ಷವೇ ನಾನು ನಿವೃತ್ತನಾಗಿದ್ದೆ. ಪಾಠ ಮಾಡಲು ತರಗತಿ ಇರಲಿಲ್ಲ. ಏನೆಂದು ಉತ್ತರ ಬರೆಯುವುದೆಂದು ತಿಳಿಯದೆ ಲಕೋಟೆಯನ್ನು ಬಾಲ್ಡ್‌ವಿನ್‌ನ ಪ್ರಬಂಧಗಳ ನಡುವೆ ಇಟ್ಟೆ. ಆಮೇಲೆ ಆ ಪ್ರಬಂಧಗಳನ್ನೂ ಕಾದಂಬರಿಗಳನ್ನೂ ಮೊದಲಿನಿಂದ ಕಡೆಯವರೆಗೆ, ಯಾವುದನ್ನೂ ಬಿಡದೆ ಓದಿದೆ. ಡಿಲೇನಿ ತೋರಿಸಿದ ನೀರನ್ನು ಎರಡನೆಯ ಸಲ ನೋಡಿದಂತಾಯಿತು. ಓದಲು ಇಚ್ಛಿಸುವ ಶ್ರೋತೃಗಳಿಗೆ ನನ್ನ ಸೂಚನೆ ಇಷ್ಟೇ: 'ದ ಫೈರ್ ನೆಕ್ಸ್ಟ್ ಟೈಮ್' ಮತ್ತು 'ಜಿಯೊವಾನಿಸ್ ರೂಮ್' ಎರಡನ್ನೂ ಒಟ್ಟಿಗೆ ಎರವಲು ತನ್ನಿ, ಒಂದರ ಬೆನ್ನಿಗೆ ಇನ್ನೊಂದನ್ನು ಓದಿ. ಒಂದನ್ನು ಬಿಟ್ಟರೆ ಇನ್ನೊಂದು ಅರ್ಧ.

ಆಕಾಶವಾಣಿಯವರು ಭಾಷಣಕ್ಕೆ ವಿಷಯ ಕೇಳಿದಾಗ ನಾನು ಮರುಯೋಚನೆ ಇಲ್ಲದೆ ಈ ಹೆಸರನ್ನು ಕೊಟ್ಟೆ. ಆ ವಿದ್ಯಾರ್ಥಿ ಎಲ್ಲಿಯೋ ಇದನ್ನು ಕೇಳುತ್ತಿದ್ದರೆ, ಅವನ ಪ್ರಶ್ನೆಗೆ ಇದು ನನ್ನ ಉತ್ತರ. ಪಾಠ ತಡವಾಯಿತು. ಆದರೂ ಮಾಡಿದ್ದೇನೆ.